ಎರಡು ಗುಂಟೆಯ ತಕರಾರು

ಹುರಿದ ಶೇಂಗಾ ಇನ್ನೂ ಬಿಸಿಯಿತ್ತು. ಪ್ರಮಿಳಾ ಅದನ್ನು ಮೊರಕ್ಕೆ ಸುರಿದು, ಅಂಗೈಯಿಂದ ತಿಕ್ಕಿ, ಸಿಪ್ಪೆ ಊದುತ್ತಿದ್ದಳು. ಗಂಡ ಸೋಮಲಿಂಗ ಒಂದು ಲಕೋಟೆ ಹಿಡಿದು ಒಳಗೆ ಬಂದ.

"ಖಾನಾಪುರ ಪಟ್ಟಣ ಪಂಚಾಯತಿಯಿಂದ ಬಂದೈತಿ. ನಿನ್ನ ಹೆಸರಿಗೆ."

ಪರವಾನಗಿ ಬಂತು ಎಂದುಕೊಂಡಳು. ಸೆರಗಿಗೆ ಕೈ ಒರೆಸಿ ಲಕೋಟೆ ಒಡೆದಳು. ಪರವಾನಗಿಯಲ್ಲ. ನೋಟಿಸು.

ಖಾನಾಪುರದ ಎರಡು ಗುಂಟೆ ಜಾಗದಲ್ಲಿ ಮನೆ ಕಟ್ಟಲು ಅವಳು ಕೊಟ್ಟಿದ್ದ ಅರ್ಜಿಯನ್ನು ತಡೆಹಿಡಿಯಲಾಗಿದೆ. ಅಣ್ಣ ರಾಯಪ್ಪ ತಕರಾರು ಸಲ್ಲಿಸಿದ್ದಾನೆ. ಹದಿನೈದು ದಿನದೊಳಗೆ ಉತ್ತರ ಬಾರದಿದ್ದರೆ ಅರ್ಜಿ ವಜಾ.

ಜೊತೆಗೆ ಎರಡು ಝೆರಾಕ್ಸ್ ಹಾಳೆ. ಒಂದು, ಟೈಪು ಮಾಡಿದ ತಕರಾರು. ಕೆಳಗೆ ಅಣ್ಣನ ಸಹಿ. ಇನ್ನೊಂದು, ಅವ್ವ ಬದುಕಿದ್ದಾಗ ಬರೆಸಿದ್ದ ವಾಟಣಿ ಪತ್ರ, ಆಸ್ತಿ ಹಂಚಿಕೆಯ ಕಾಗದ. ಜಾಗ ಮಗಳಿಗೆ, ಆದರೆ ಮನೆ ಕಟ್ಟುವಾಗ ಅಣ್ಣನ ಒಪ್ಪಿಗೆ ಇರಬೇಕು. ಆ ಸಾಲಿನ ಕೆಳಗೆ ಯಾರೋ ಗೆರೆ ಎಳೆದಿದ್ದರು. ಹಾಳೆಯ ಮೇಲ್ತುದಿಯಲ್ಲಿ ಒಂದು ದಪ್ಪ ಕಪ್ಪು ಮಚ್ಚೆ. ಮಷೀನಿನ ಕಲೆ ಇರಬೇಕು.

ಅರ್ಜಿಗೆ ಲಗತ್ತಿಸಿದ್ದು ಖಾತೆಯ ನಕಲು ಮಾತ್ರ; ಆ ಪತ್ರ ಇದ್ದದ್ದು ಎರಡೇ ಕಡೆ. ಮೂಲಪ್ರತಿ ಇವಳ ಟ್ರಂಕಿನಲ್ಲಿ. ಬರೆಸಿದ ದಿನವೇ ತೆಗೆಸಿದ ಝೆರಾಕ್ಸ್ ಅಣ್ಣನ ಬಳಿ.

"ನಾ ಹೇಳಿದ್ದಿಲ್ಲೇನು?" ಸೋಮಲಿಂಗ ಮೆಲ್ಲಗೆ ಅಂದ. "ಬಾಯಿಮಾತಿಗೆ ಹೂಂ ಅಂದಾನಂತ ನಂಬಬ್ಯಾಡ ಅಂತ."

ಅವಳು ಹಾಳೆಗಳನ್ನು ಮಡಿಚಿದಳು. ಬೆಳಗಾವಿಯ ಸದಾಶಿವನಗರದ ಈ ಬಾಡಿಗೆ ಮನೆಯಿಂದ ಇಪ್ಪತ್ತೆರಡು ವರ್ಷ ಶಾಲೆಗೆ ಹೋಗಿ ಬಂದು ಪಾಠ ಹೇಳಿದ್ದು ಆ ಮನೆಗಾಗಿ. ಹೋದ ತಿಂಗಳಷ್ಟೇ ಅಣ್ಣ ತಾನೇ ಟೇಪು ಹಿಡಿದು ಜಾಗ ಅಳೆದುಕೊಟ್ಟಿದ್ದ. ಈಗ ಮನೆಯೂ ಇಲ್ಲ, ತವರೂ ಇಲ್ಲ.

*

ಮರುದಿನ ಸೋಮಲಿಂಗನೇ ಸ್ಕೂಟರಿನಲ್ಲಿ ಖಾನಾಪುರಕ್ಕೆ ಕರೆದೊಯ್ದ. ಒಂದು ವರ್ಷದಿಂದ ಪ್ರತಿ ಓಡಾಟವೂ ಅವನದೇ. ಅರ್ಜಿಯ ಫಾರ್ಮು ತುಂಬಿದವನೂ ಅವನೇ. ಅವಳನ್ನು ಒಳಗೆ ಕಳಿಸಿ, ತಾನು ಕಚೇರಿಯ ಮುಂದಿನ ಚಹಾದಂಗಡಿಯಲ್ಲಿ ಕುಳಿತ.

ಗುಮಾಸ್ತ ಬೀರೇಶ ಫೈಲು ತೆಗೆದ.

"ಕುಂದರ್ರಿ ಟೀಚರ್. ಈ ತಕರಾರು ಟಪಾಲಿನ್ಯಾಗ ಬಂದೈತ್ರಿ."

"ನಮ್ಮಣ್ಣನ ಮನಿ ಇಲ್ಲೇ ಹಿಂದಿನ ಓಣ್ಯಾಗ ಐತಿ. ಟಪಾಲಿಗೆ ಯಾಕ ಹಾಕ್ಯಾನು?"

"ನಿಮಗ ಮುಖಾ ತೋರಸಾಕ ನಾಚಿಕಿ ಬಂದಿರಬೇಕು ಬಿಡ್ರಿ." ಬೀರೇಶ ನಕ್ಕ. "ಆದ್ರ ಶಾಣ್ಯಾ ಅದಾನ. ಫೈಲ್ ನಂಬರ್ ಬರದು ಕಳಿಸ್ಯಾನ. ಅದಕ್ಕಽ ಸೀದಾ ನಿಮ್ಮ ಫೈಲಿಗೆ ಬಂದು ಕುಂತಿತು."

"ಆ ನಂಬರ್ ಹೊರಗಿನವರಿಗೆ ಸಿಗತೈತೇನ್ರಿ?"

"ನಾವು ಯಾರಿಗೂ ಕೊಡೂದಿಲ್ರಿ. ಅರ್ಜಿದಾರರ ಮೊಬೈಲಿಗಷ್ಟ ಮೆಸೇಜ್ ಹೋಗತೈತಿ."

ಅವಳು ತಲೆಯಾಡಿಸಿದಳು. ಆ ಮೆಸೇಜು ತಾನು ನೋಡಿದ ನೆನಪಿರಲಿಲ್ಲ.

*

ಅಣ್ಣನ ಮನೆಗೆ ಒಬ್ಬಳೇ ಹೋದಳು. "ನಾ ಬಂದ್ರ ಜಗಳಾ ಆಕ್ಕೈತಿ," ಎಂದಿದ್ದ ಸೋಮಲಿಂಗ.

ಅತ್ತಿಗೆ ಗೌರವ್ವ ಕಟ್ಟೆ ತೊಳೆಯುತ್ತಿದ್ದಳು. "ಬರ್ರಿ ಬಾಯಿ. ಮತ್ತ ಜಾಗಾ ಅಳ್ಯಾಕ ಬಂದ್ರೇನು? ಮೊನ್ನಿ ಅಳದದ್ದು ಕಡಿಮಿ ಬಿತ್ತೇನು?"

ಪ್ರಮಿಳಾ ಕಾಗದಗಳನ್ನು ಅಣ್ಣನ ಮುಂದೆ ಹಿಡಿದಳು. ರಾಯಪ್ಪ ಕನ್ನಡಕ ಹುಡುಕಿ ಹಾಕಿಕೊಂಡ. ಓದಿದ. ಮತ್ತೊಮ್ಮೆ ಓದಿದ.

"ಸಹಿ ನಂದಽ ಐತಿ," ಅಂದ. "ಆದ್ರ ನಾ ಮಾಡಿಲ್ಲ."

"ಹಂಗಂದ್ರ?"

"ಹಂಗಂದ್ರ ಹಂಗ."

"ಅವ್ವನ ಆಣಿ ಮಾಡಿ ಹೇಳು."

ಗೌರವ್ವನ ಕೈಯ ಪೊರಕೆ ನಿಂತಿತು. ರಾಯಪ್ಪ ಕನ್ನಡಕ ತೆಗೆದು ಎದ್ದ. ಒಳಗೆ ಹೋಗಿ ತಗಡಿನ ಡಬ್ಬಿ ತಂದ.

"ಆಣಿ ಮಾಡೂದಿಲ್ಲ. ನಾ ಕಳ್ಳ ಅಲ್ಲ. ಬರಸಿದ ದಿನ ಇಟ್ಟದ್ದು, ಇವತ್ತ ತಗದೇನಿ. ನೋಡಕೋ."

ಹಳದಿಗಟ್ಟಿದ ಝೆರಾಕ್ಸ್. ಪ್ರಮಿಳಾ ಎರಡನ್ನೂ ಪಕ್ಕಪಕ್ಕ ಇಟ್ಟಳು. ಅದೇ ಅಕ್ಷರ, ಅದೇ ಸಹಿ. ಅಣ್ಣನ ಪ್ರತಿಯ ಮೇಲ್ತುದಿಯಲ್ಲಿ 'ಶ್ರೀ' ಸ್ಪಷ್ಟವಾಗಿತ್ತು. ನೋಟಿಸಿನ ಜೊತೆ ಬಂದದ್ದರಲ್ಲಿ 'ಶ್ರೀ' ಕಾಣುತ್ತಿರಲಿಲ್ಲ. ಕಪ್ಪು ಮಚ್ಚೆ ಸರಿಯಾಗಿ ಅದರ ಮೇಲೆಯೇ ಕೂತಿತ್ತು.

ಅವಳ ಬೆರಳು ಅಲ್ಲೇ ನಿಂತಿತು.

"ಅಣ್ಣಾ, ನನ್ನ ಅರ್ಜಿ ನಂಬರ್ ನಿನಗ ಗೊತ್ತಿತ್ತೇನು?"

"ಯಾವ ನಂಬರಽ? ನನಗ ನನ್ನ ಫೋನ್ ನಂಬರಽ ನೆನಪಿರೂದಿಲ್ಲ."

ಗೌರವ್ವ ಚಹಾ ಇಟ್ಟಳು. ಕುಡಿ ಎನ್ನಲಿಲ್ಲ. ಪ್ರಮಿಳಾ ಅದನ್ನು ಬಿಸಿಬಿಸಿಯೇ ಕುಡಿದಳು.

*

"ಒಪ್ಪಿಕೊಂಡನೇನು?" ಸ್ಕೂಟರು ಚಾಲು ಮಾಡುತ್ತ ಸೋಮಲಿಂಗ ಕೇಳಿದ.

"ಇಲ್ಲ."

"ಹೆಂಗ ಒಪ್ಪಾನ?"

ಬರುವಾಗ ಅವನ ಹೆಗಲು ಹಿಡಿದು ಕುಳಿತಿದ್ದಳು. ಮರಳುವಾಗ ಸೀಟಿನ ಹಿಂದಿನ ಕಂಬಿ ಹಿಡಿದಳು. ದಾರಿಯುದ್ದಕ್ಕೂ ಅವಳು ಬೇಡಿಕೊಂಡದ್ದು ಒಂದೇ. ನನ್ನ ಲೆಕ್ಕ ತಪ್ಪಾಗಲಿ.

*

"ಟ್ರಂಕಿನ ಕೀಲಿಕೈ ಕೊಡ್ರಿ."

ಕೀಲಿಕೈ ಯಾವಾಗಲೂ ಅವನ ಉಡದಾರದಲ್ಲೇ ಇರುತ್ತಿತ್ತು. ಬಿಚ್ಚಿ ಕೊಟ್ಟ. ಕೊಡುವಾಗ ಅವಳ ಮುಖ ನೋಡಲಿಲ್ಲ.

ಅವಳು ಮೂಲಪ್ರತಿ ತೆಗೆದು ನೆಲದ ಮೇಲೆ ಹಾಸಿದಳು. 'ಶ್ರೀ' ಮೇಲೆ ಕುಂಕುಮ. ಎಣ್ಣೆ ಬೆರಳಿನಿಂದ ಒತ್ತಿದ್ದು. ಎಣ್ಣೆ ಸುತ್ತಲಿನ ಕಾಗದಕ್ಕೂ ಹರಡಿತ್ತು.

"ಈ ಕುಂಕುಮ ಹಚ್ಚಿದ್ದು ನಾನು," ಪ್ರಮಿಳಾ ಹೇಳಿದಳು. "ಈ ಸಲದ ದೀಪಾವಳಿಗೆ. ಲಕ್ಷ್ಮೀ ಮುಂದ ಈ ಕಾಗದಾ ಇಟ್ಟದ್ದು ಇದಽ ಮೊದಲು. ಮನಿ ಕಟ್ಟತೇವಿ ಅಂತ. ದೀಪಕ್ಕ ಎಣ್ಣಿ ಹಾಕಿದ ಕೈಲೇ ಹಚ್ಚಿದೆ."

ಸೋಮಲಿಂಗ ಗೋಡೆಗೆ ಒರಗಿ ಕೆಳಗೆ ಕೂತ.

"ಕೆಂಪು ಝೆರಾಕ್ಸಿನ್ಯಾಗ ಕಪ್ಪಾಗತೈತಿ. ಅಣ್ಣನ ಕಡೆ ಇರೂದಕ್ಕ ಮಚ್ಚಿ ಇಲ್ಲ. ಅಂದ್ರ ಕಚೇರಿಗೆ ಹೋದದ್ದು ಈ ಟ್ರಂಕಿನ್ಯಾಗಿಂದು. ದೀಪಾವಳಿ ಆದಮ್ಯಾಲ. ಮನ್ಯಾಗ ಇರೂದು ನಾವಿಬ್ಬರು. ಕೀಲಿಕೈ ನಿಮ್ಮ ಕಡೆ. ಫಾರ್ಮಿನ್ಯಾಗ ಬರದದ್ದು ನಿಮ್ಮ ಮೊಬೈಲ್ ನಂಬರು. ಫೈಲ್ ನಂಬರ್ ಬಂದದ್ದೂ ಅದಕ್ಕ."

ಹೊರಗೆ ತರಕಾರಿಯವಳು ಮೆಂತ್ಯದ ದರ ಕೂಗಿ ಹೋದಳು.

"ಸಹಿ?" ಅವಳು ಕೇಳಿದಳು.

"ಪತ್ರದ ಮ್ಯಾಲಿಂದು. ಕಿಡಕಿ ಗಾಜಿಗೆ ಹಿಡದು ತಿದ್ದಿದೆ." ಅವನ ದನಿ ಶಾಲೆಯ ಹುಡುಗನ ದನಿಯಂತಿತ್ತು. "ನಕ್ಷಾ ನೋಡಿದೆ, ಪ್ರಮಿಳಾ. ಒಂದಽ ಮಲಗೂ ಖೋಲಿ. ಮಕ್ಕಳಿಗೆ ಪಾಠಾ ಹೇಳಾಕ ದೊಡ್ಡ ಪಡಸಾಲಿ. ನನ್ನ ಕುರ್ಚಿ ಎಲ್ಲಿ ಹಾಕಬೇಕು ಅಂತ ಹುಡಕಿದೆ. ಮನಿ ಆದಮ್ಯಾಲ ನೀ ಅಲ್ಲೇ ಉಳಿತಿದ್ದಿ. ನಿನ್ನ ಜಾಗಾ, ನಿನ್ನ ಮನಿ. ನಾ ಯಾರು?"

"ಕೇಳಬೇಕಿತ್ತು."

"ಕೇಳಿ, ನೀ ಹೌದಂದಿದ್ರ?"

ಆ ಒಂದು ಕೋಣೆಯನ್ನು ಇಬ್ಬರಿಗೆಂದೇ ಹಾಕಿಸಿದ್ದಳು. ಪಡಸಾಲೆಯ ಮೂಡಣ ಕಿಟಕಿ ಅವನ ಪೇಪರು ಓದುವ ಚಟಕ್ಕೆಂದು. ಅದನ್ನು ಹೇಳಬಹುದಿತ್ತು. ಹೇಳಲಿಲ್ಲ.

"ಅಣ್ಣಗ ಅವ್ವನ ಆಣಿ ಹಾಕಿ ಬಂದೆ," ಎಂದಷ್ಟೇ ಅಂದಳು. ಪತ್ರ ಮಡಿಚಿ ಶಾಲೆಯ ಚೀಲಕ್ಕೆ ಹಾಕಿಕೊಂಡಳು. ಟ್ರಂಕು ಮುಚ್ಚಿ, ಕೀಲಿಕೈಯನ್ನು ಅವನ ಮುಂದೆ ಇಟ್ಟಳು. ಕಾಯಲು ಅದರಲ್ಲಿ ಏನೂ ಉಳಿದಿರಲಿಲ್ಲ.

*

ರಾಯಪ್ಪ ಒಪ್ಪಿಗೆ ಪತ್ರ ಬರೆದುಕೊಟ್ಟ. ಸಹಿ ಯಾರದು ಎಂದು ಅವನು ಕೇಳಲಿಲ್ಲ. ಅವಳೂ ಹೇಳಲಿಲ್ಲ. ಗೌರವ್ವ ಮಾತ್ರ ಅವಳ ಕೈಗೆ ಚಹಾ ಕೊಟ್ಟು, "ಆರಸಿ ಕುಡೀರಿ ಬಾಯಿ," ಅಂದಳು.

ಅದನ್ನು ಕಚೇರಿಗೆ ಒಯ್ದಾಗ, ಹಳೆಯ ಅರ್ಜಿಯ ಬದಲು ಬೀರೇಶ ಹೊಸ ಫಾರ್ಮು ಕೊಟ್ಟ. ಹೆಸರು, ಜಾಗದ ಅಳತೆ, ವಿಳಾಸ. ಮೊಬೈಲ್ ನಂಬರಿನ ಮನೆಯಲ್ಲಿ ಪೆನ್ನು ಒಂದು ಗಳಿಗೆ ನಿಂತಿತು. ಆಮೇಲೆ ತನ್ನದೇ ಹತ್ತು ಅಂಕಿ ಬರೆದಳು.

ಗಂಡನನ್ನು ಬಿಟ್ಟು ಆ ಮನೆಯಲ್ಲಿ ಇರಬಹುದು ಎಂಬ ಯೋಚನೆ ಅವಳಿಗೆ ಯಾವತ್ತೂ ಬಂದಿರಲಿಲ್ಲ. ಸ್ಕೂಟರಿನಲ್ಲಲ್ಲ, ಬಸ್ಸಿನಲ್ಲಿ ಬೆಳಗಾವಿಗೆ ಮರಳುವಾಗ ಬಂತು. ಖಾನಾಪುರದ ಶಾಲೆಗೆ ವರ್ಗ ಕೇಳುವ ಅರ್ಜಿ ಬೇಸಿಗೆಯಲ್ಲಿ ಕರೆಯುತ್ತಾರೆ. ಟಿಕೆಟು ಕೈಯಲ್ಲಿ ಮುದುರಿ ಹೋಗುವವರೆಗೆ ಅದನ್ನೇ ಯೋಚಿಸಿದಳು.

ಒಂದು ತಿಂಗಳು ಕಳೆದಿರಬೇಕು. ಭಾನುವಾರ. ಮೊರದಲ್ಲಿ ಶೇಂಗಾ. ಸೋಮಲಿಂಗ ತನ್ನ ಮೊಬೈಲನ್ನು ತಿರುಗಿಸಿ ಮುರುಗಿಸಿ ನೋಡುತ್ತಿದ್ದ.

"ಕಚೇರಿಯಿಂದ ಇನ್ನೂ ಏನೂ ಬಂದಿಲ್ಲ," ಅಂದ.

ಕಟ್ಟೆಯ ಮೇಲಿದ್ದ ಅವಳ ಫೋನು ಗುರುಗುಟ್ಟಿತು. ಪರವಾನಗಿ ಮಂಜೂರಾಗಿದೆ. ಎರಡು ಸಲ ಓದಿ, ಬೋರಲು ಹಾಕಿದಳು.

"ಯಾರದು?"

"ಸಾಲಿ ಹೆಡ್ ಮಾಸ್ತರದು," ಎಂದು ಪ್ರಮಿಳಾ ಮೊರ ಎತ್ತಿ ಸಿಪ್ಪೆ ಊದಿದಳು.