ಒಬ್ಬಾಕಿಯ ಅಳತೆಯ ಲಾರಿ

“ಯಜಮಾನ್ರು ಹಿಂದ ಬರಾಕತ್ತಾರೇನ್ರಿ?”

ಗಾಡಿ ರಿಪೇರಿ ಶೆಡ್ಡಿನ ಮಿಸ್ತ್ರಿ ಕನಕರಾಜ ಕೇಳಿದ ಮೊದಲ ಮಾತು ಅದು. ಲಾರಿಯ ಎತ್ತರದ ಸೀಟಿನಿಂದ ಸುರೇಖಾ ಆಗಷ್ಟೇ ಕೆಳಗೆ ಕಾಲಿಟ್ಟಿದ್ದಳು.

“ಯಾವ ಯಜಮಾನ್ರು?”

“ಲಾರಿ ಯಜಮಾನ್ರು.”

“ಇಳದಾರ ನೋಡ್ರಿ,” ಎಂದಳು ಆಕೆ, ದುಪಟ್ಟಾದ ಧೂಳು ಝಾಡಿಸುತ್ತ.

ಆತ ತಟ್ಟನೆ ಬಗ್ಗಿ ಲಾರಿಯ ಅಡಿಯಲ್ಲಿ ಏನೋ ನೋಡತೊಡಗಿದ. ಮುಖ ಕಾಣಲಿಲ್ಲ. ಕಿವಿ ಮಾತ್ರ ಕೆಂಪಾದದ್ದು ಕಂಡಿತು.

ಅದು ಮಿಲಿಟರಿಯವರು ಹರಾಜಿಗೆ ಬಿಟ್ಟ ಮೂವತ್ತು ವರ್ಷದ ಹಳೆಯ ಲಾರಿ. ಬೇಕೆಂದಾಗ ನಾಲ್ಕೂ ಗಾಲಿಗಳಿಗೆ ಎಂಜಿನ್ನಿನ ಬಲ ಸಿಗುವಂಥದ್ದು. ಲಿಂಗಸುಗೂರಿನಿಂದ ಮಸ್ಕಿ ದಾಟಿ ಸಿಂಧನೂರಿಗೆ ಬರುವಷ್ಟರಲ್ಲಿ ಮೂರು ಸಲ ನಿಂತಿತ್ತು. ಸುರೇಖಾ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವಾಕೆ. ಇಪ್ಪತ್ತು ವರ್ಷ ಗೋಡೆಯ ನಕಾಶೆಗೆ ಕೋಲು ಹಚ್ಚಿ ಹಿಮಾಲಯ ತೋರಿಸಿದ್ದಳು, ಕಣ್ಣಾರೆ ಕಂಡಿರಲಿಲ್ಲ. ತಂಗಿಯರ ಮದುವೆ, ಅಪ್ಪನ ಕಾಯಿಲೆ ಎಂದು ವರ್ಷಗಳು ಸರಿದು ನಲವತ್ತಮೂರು ತುಂಬಿತ್ತು. ಈ ಲಾರಿಯ ಬೆನ್ನ ಮೇಲೆ ಪುಟ್ಟ ಮನೆ ಕಟ್ಟಿಸಿಕೊಂಡು ಹಿಮಾಲಯದ ಸ್ಪಿತಿ ಕಣಿವೆಗೆ ಹೋಗಬೇಕೆಂಬುದು ಆಕೆಯ ಹಟ.

“ಮಂದಿ ಗಂಡನ್ನ ಹುಡುಕ್ಕೋತಾರ, ನಮ್ಮಾಕಿ ಲಾರಿ ಹುಡಿಕ್ಯಾಳ,” ಎಂದು ತಾಯಿ ಅಮರಮ್ಮ ಓಣಿಗೆಲ್ಲ ಹೇಳಿಕೊಂಡು ನಕ್ಕಿದ್ದಳು.

“ಜೊತಿಗೆ ಯಾರ್ಯಾರು ಹೋಗ್ತೀರಿ?” ಕನಕರಾಜ ಕೇಳಿದ.

“ಯಾರೂ ಇಲ್ಲ. ನಾ ಒಬ್ಬಾಕಿನ.”

ಆತ ಆ ಮಾತನ್ನು ಒಂದು ಅಳತೆಯಂತೆ ತೆಗೆದುಕೊಂಡ. ಅದು ಆಕೆಗೆ ತಿಳಿದದ್ದು ಬಹಳ ತಡವಾಗಿ.

ದಸರೆಯಿಂದ ಪ್ರತಿ ಐತವಾರ ಆಕೆ ಬಸ್ಸು ಹತ್ತಿ ಶೆಡ್ಡಿಗೆ ಬಂದಳು. ಬಿಚ್ಚಿಟ್ಟ ಗೇರುಗಳ ಹಲ್ಲುಗಳನ್ನು, ತೊಡೆಯಷ್ಟು ದಪ್ಪದ ಆಕ್ಸಲ್ಲನ್ನು ಮಗುವಿನಂತೆ ಕುಕ್ಕರಗಾಲಲ್ಲಿ ಕೂತು ನೋಡಿದಳು. ಒಂದು ದಿನ ಕನಕರಾಜ ಲಾರಿಯನ್ನು ಜಾಕಿನ ಮೇಲೆ ಎತ್ತಿ ನಿಲ್ಲಿಸಿ ಎಂಜಿನ್ ಚಾಲೂ ಮಾಡಿದ. ನಾಲ್ಕೂ ಗಾಲಿಗಳು ಗಾಳಿಯಲ್ಲಿ ಒಟ್ಟಿಗೆ ತಿರುಗಿದವು. ನೆಲವಿಲ್ಲದ ಆ ನಡಿಗೆಯನ್ನು ಆಕೆ ಎದ್ದು ನಿಂತು ನೋಡಿದಳು. ತಿರುಗಿ ನೋಡಿದರೆ ಆತ ಗಾಲಿಗಳನ್ನು ನೋಡುತ್ತಿರಲಿಲ್ಲ.

“ಕೈ ಎತ್ರಿ,” ಎಂದ ಇನ್ನೊಂದು ಐತವಾರ, ಸೀಮೆಸುಣ್ಣ ಹಿಡಿದು.

“ಯಾಕ್ರಿ, ಪೊಲೀಸರೇನು ನೀವು?”

“ಎಲ್ಲೀತನ ಎಟುಕತೈತಿ ನೋಡಬೇಕು.”

ಆಕೆಯ ಬೆರಳ ತುದಿ ಮುಟ್ಟಿದಲ್ಲಿ, ಬೆರಳಿಗೆ ತಾಕದಂತೆ, ಆತ ಒಂದು ಬಿಳಿ ಗೆರೆ ಎಳೆದ. ನಂತರ ಮೊಣಕೈ, ಮೊಳಕಾಲು, ಭುಜ. ಗುದ್ದಲಿ, ಜಾಕು, ನೀರಿನ ನಳ, ಮಡಚುವ ಮಂಚದ ಕೊಂಡಿ, ಎಲ್ಲಕ್ಕೂ ಆ ಗೆರೆಗಳೇ ಜಾಗ. ಹೊಲಿಸಿದ ರವಿಕೆಯೊಂದನ್ನು ಬಿಟ್ಟರೆ ಜಗತ್ತಿನಲ್ಲಿ ಇನ್ನೇನೂ ತನ್ನ ಅಳತೆಗೆ ತಯಾರಾದದ್ದು ಸುರೇಖಾಳಿಗೆ ನೆನಪಿರಲಿಲ್ಲ.

“ನಮ್ಮ ಮಿಸ್ತ್ರಿ ಐತವಾರಕ್ಕೊಮ್ಮಿ ದಾಡಿ ಮಾಡ್ಕೊಂಡು ಬರಾಕತ್ತಾನ್ರಿ ಮೇಡಂ,” ಎಂದ ಶೆಡ್ಡಿನ ಪಾಲುದಾರ ಮೌಲಾಸಾಬ್, ಚಹಾ ಚಾಚುತ್ತ.

“ನಿನ್ನ ಕೆಲಸ ನೀ ಮಾಡಲೇ,” ಎಂದ ಕನಕರಾಜ. ಆತನ ಹೆಂಡತಿ ತೀರಿ ಒಂಬತ್ತು ವರ್ಷವಾಗಿತ್ತು.

ಆ ಶೆಡ್ಡಿಗೆ ಒಂದು ಕಟ್ಟಳೆ ಇತ್ತು. ಸಿಂಧನೂರಿನ ಭತ್ತ ಕೊಯ್ಯುವ ಮಷಿನ್ನುಗಳು ಸುಗ್ಗಿ ಬೆನ್ನುಹತ್ತಿ ಛತ್ತೀಸಗಢದವರೆಗೂ ಹೋಗುತ್ತವೆ. ಹಾಗೆ ದೂರ ಹೋಗುವ ಡ್ರೈವರ್ ಕೆಟ್ಟ ನೆಲದಲ್ಲಿ ಬೇಕೆಂತಲೇ ಗಾಡಿ ಹೂಳಿಸಿ, ತಾನೊಬ್ಬನೇ ಹೊರತೆಗೆದು ತೋರಿಸಬೇಕು. ಮಿಸ್ತ್ರಿ ಹತ್ತು ಹೆಜ್ಜೆ ದೂರದಲ್ಲಿ ಕೈ ಹಿಂದೆ ಕಟ್ಟಿ ನಿಲ್ಲುತ್ತಾನೆ. ಡ್ರೈವರ್ ಅತ್ತರೂ ಹತ್ತಿರ ಬರುವುದಿಲ್ಲ. ಹೊರತೆಗೆದ ಮೇಲಷ್ಟೇ ಕೀಲಿ. ಕನಕರಾಜ ಬಿಗಿದ ಬೋಲ್ಟುಗಳು ದೇಶ ಸುತ್ತಿ ಬಂದಿದ್ದವು. ಆತ ಮಾತ್ರ ರಾಯಚೂರು ದಾಟಿರಲಿಲ್ಲ. ಬೇರೆಯವರು ಊರೂರು ತಿರುಗುವ ಬೇಸಿಗೆಯಲ್ಲೇ ಎರಡನೇ ಬೆಳೆಯ ಸುಗ್ಗಿ ಬಂದು ಆತನಿಗೆ ಕೈತುಂಬ ಕೆಲಸ.

ಏಪ್ರಿಲ್‌ನಲ್ಲಿ ಶಾಲೆಗೆ ರಜೆ ಬಿತ್ತು. ಸೋಮವಾರ ಹೊರಡುವುದೆಂದಾಯಿತು. ಅದರ ಹಿಂದಿನ ಶುಕ್ರವಾರ ಆ ಕಟ್ಟಳೆ ಮುಗಿಸಲು ಇಬ್ಬರೂ ಮುಕ್ಕುಂದ ಊರಿನ ಹತ್ತಿರ ಹೊಳೆಗೆ ಹೋದರು. ನೀರು ಆಚೆ ದಡಕ್ಕೆ ಸರಿದು, ಈಚೆಗೆ ಉಸುಕು, ಅದರಾಚೆ ಆನೆಗಳ ಹಿಂಡು ಮಲಗಿದಂಥ ಬಂಡೆಗಳು.

ಇಪ್ಪತ್ತು ಮಾರು ಹೋಗುವಷ್ಟರಲ್ಲಿ ಲಾರಿ ಹೊಟ್ಟೆಮಟ್ಟ ಹೂತಿತು.

ಕನಕರಾಜ ಇಳಿದು, ಹತ್ತು ಹೆಜ್ಜೆ ನಡೆದು, ಕೈ ಹಿಂದೆ ಕಟ್ಟಿ ನಿಂತ.

“ನಿಂತ್ರೇನು?” ಎಂದಳು ಸುರೇಖಾ.

“ನಿಂತೀನ್ರಿ.”

ಆಕೆ ಟೈರುಗಳ ಗಾಳಿ ಇಳಿಸಿದಳು. ಗುದ್ದಲಿಗೆ ಕೈ ಚಾಚಿದಳು, ಅದು ಕೈಗೇ ಬಂತು. ಗಾಲಿಯಡಿ ಹಾಸುವ ಕಬ್ಬಿಣದ ಹಲಗೆಗಳು ಒಂದೇ ಎಳೆತಕ್ಕೆ ಜಾರಿ ಇಳಿದವು. ಜಾಕಿನ ಹಿಡಿಕೆ ಆಕೆಯ ಸೊಂಟದ ಎತ್ತರಕ್ಕೇ ಇತ್ತು. ಬೆವರು ಕಣ್ಣಿಗಿಳಿಯುತ್ತಿದ್ದಂತೆ ಆಕೆ ಬೇರೇನನ್ನೋ ಹುಡುಕತೊಡಗಿದಳು. ತನ್ನ ಕೈಗೆ ಎಟುಕದ, ತನ್ನ ಬಲಕ್ಕೆ ಮಣಿಯದ ಒಂದು ವಸ್ತು. ಒಂದೂ ಸಿಗಲಿಲ್ಲ. ಈ ಮನುಷ್ಯ ಆರು ತಿಂಗಳು ದುಡಿದು, ಎಲ್ಲಿಯೂ ತನ್ನ ಅಗತ್ಯವೇ ಬೀಳದಂತೆ ಇದನ್ನು ಕಟ್ಟಿದ್ದ.

ನಾಲ್ಕು ಗಾಲಿಯ ಗೇರು ಹಾಕಿ ನಿಧಾನ ಕಾಲೊತ್ತಿದಳು. ಲಾರಿ ಒಮ್ಮೆ ನಡುಗಿತು. ಮುಂದಿನ ಗಾಲಿಗಳು ಹಲಗೆ ಕಚ್ಚಿದವು, ಹಿಂದಿನವು ನೂಕಿದವು, ಮೂರು ಟನ್ನಿನ ಆ ಹಳೆಯ ಜೀವ ಉಸುಕಿನಿಂದೆದ್ದು ಬಂಡೆಯ ಮೇಲೆ ಹತ್ತಿ ನಿಂತಿತು. ಗಾಜಿನ ತುಂಬ ಬರೀ ಆಕಾಶ. ಸ್ಟೇರಿಂಗ್ ಹಿಡಿದ ತನ್ನ ಕೈಗಳನ್ನೇ ಆಕೆ ಬೇರೆ ಯಾರದ್ದೋ ಎಂಬಂತೆ ನೋಡಿದಳು.

ಇಳಿದು ಬಂದಾಗ ಕನಕರಾಜ ತನ್ನ ಹತ್ತಿರ ಇಟ್ಟುಕೊಂಡಿದ್ದ ಲಾರಿಯ ಎರಡನೇ ಕೀಲಿ ಚಾಚಿದ.

“ಪಾಸ್ ಆದ್ರಿ.”

ಆಕೆ ತೆಗೆದುಕೊಳ್ಳಲಿಲ್ಲ. “ಒಂದ ಒಂದು ಬೋಲ್ಟನ್ನರ ನನಗ ಎಟುಕಲಾರದಂಗ ಇಡಬಾರದಿತ್ತೇನ್ರಿ?”

“ಯಾಕ್ರಿ?”

“ನಿಮ್ಮನ್ನ ಕರಿಯಾಕ ನೆವ ಇರ್ತಿತ್ತು.”

ಹೊಳೆಯ ಆಚೆ ಯಾರದ್ದೋ ಗದ್ದೆಯಲ್ಲಿ ಕೊಯ್ಯುವ ಮಷಿನ್ನಿನ ಸದ್ದು. ಆತ ಮೊದಲೇ ಸ್ವಚ್ಛವಾಗಿದ್ದ ಕೈಗಳನ್ನು ಬಟ್ಟೆಗೆ ಒರೆಸಿಕೊಂಡ.

“ಇಟ್ಟಿದ್ದೆ. ಹಿಂದಿನ ಬಾಗಲ ಮ್ಯಾಲೊಂದು. ಮೂರು ದಿನ ಹಂಗ ಬಿಟ್ಟಿದ್ದೆ. ಆಮ್ಯಾಲ ಕೆಳಗ ಇಳಿಸಿದೆ.”

“ಯಾಕ ಇಳಿಸಿದ್ರಿ?”

“ನೀವು ಎಲ್ಲೋ ಹಿಮದಾಗ ನಿಂತು ಅದನ್ನ ಹಿಡಿಯಾಕ ಜಿಗದಾಡಾಕತ್ತಿದ್ದು ಕಣ್ಣಿಗೆ ಕಟ್ಟಿತ್ತು. ಉಣ್ಣಾಕ ಕುಂತ್ರ ತುತ್ತು ಇಳೀವಲ್ದಾತು.”

ಆಕೆ ಬಂಡೆಗೆ ಒರಗಿದಳು. ಇಷ್ಟು ವರ್ಷಗಳಲ್ಲಿ ಯಾರ ಹತ್ತಿರವೂ ತನಗಾಗಿ ಏನೂ ಕೇಳಿದವಳಲ್ಲ. ಕೇಳಿದರೆ ಇಲ್ಲ ಎನ್ನಬಹುದು. ಕೇಳದಿದ್ದರೆ ಸೋಮವಾರ ಬರುತ್ತದೆ.

“ನೆವ ಯಾಕ ಬೇಕ್ರಿ,” ಎಂದ ಆತ ಮೆಲ್ಲಗೆ. “ಹಂಗ ಕರೀಬಾರದೇನು?”

“ಬರ್ತೀರೇನು ನನ್ನ ಜೊತಿಗೆ? ರಿಪೇರಿಗಲ್ಲ.”

“ಮಂದಿ ಏನರ ಅಂತಾರ್ರಿ.”

“ಒಬ್ಬಾಕಿನ ಇದ್ದಾಗೂ ಅಂದಾರ.”

“ಶೆಡ್ಡಿನ್ಯಾಗ ಹನ್ನೆರಡು ಮಷಿನ್ ನಿಂತಾವ. ಇಪ್ಪತ್ತು ಸುಗ್ಗಿ ಆತು, ಒಂದೂ ಬಿಟ್ಟಿಲ್ಲ ನಾ.”

“ಗೊತ್ತೈತಿ.”

ಆತ ಆಚೆ ದಡದ ಮಷಿನ್ನಿನ ಸದ್ದಿಗೆ ಒಮ್ಮೆ ಕಿವಿಗೊಟ್ಟ. ಆಮೇಲೆ ಕೀಲಿಯನ್ನು ಆಕೆಯ ಅಂಗೈಯಲ್ಲಿಟ್ಟ. ಕೈ ಮಾತ್ರ ಹಿಂದೆ ತೆಗೆದುಕೊಳ್ಳಲಿಲ್ಲ.

“ಮೌಲಾಸಾಬಗ ಹೇಳಬೇಕು.”

“ಏನಂತ?”

“ಈ ಸುಗ್ಗಿ ನೀ ನೋಡ್ಕೋಪಾ ಅಂತ.”

ಇಬ್ಬರೂ ಒಬ್ಬರನ್ನೊಬ್ಬರು ನೋಡದೆ, ಕೈ ಬಿಡದೆ, ಬಂಡೆಯ ಪಕ್ಕ ನಿಂತಿದ್ದರು. ಕನಕರಾಜ ಹುಡುಗನಂತೆ ಕೇಳಿದ, “ಅಲ್ಲಿ ಗುಡ್ಡ ಎಷ್ಟೆತ್ತರ ಇರ್ತಾವ್ರಿ?”

ಎಷ್ಟೋ ಸಾವಿರ ಮಕ್ಕಳಿಗೆ ಆಕೆ ಆ ಲೆಕ್ಕ ಹೇಳಿದ್ದಳು. ಈಗ ಒಂದು ಅಂಕಿಯೂ ನೆನಪಿಗೆ ಬರಲಿಲ್ಲ.

“ನನಗೂ ಗೊತ್ತಿಲ್ಲ,” ಎಂದಳು. “ಹೋಗಿ ನೋಡೂಣು.”