ಶುದ್ಧ ನೀರಿಗೆ ಬಂದ ಉಪ್ಪು

"ನನ್ನನ್ನ ಮದ್ವೆ ಆಗ್ತೀಯೇನೇ, ಇಲಿ ತಿನ್ನೋಳೇ?" ಎಂದ ಮುಬಾಂಗಾ.

"ಮೊದ್ಲು ನಿಮ್ಮಮ್ಮನ ಒಲೆ ಮೇಲಿರೋ ಕೋತಿ ಇಳಿಸು. ಆಮೇಲೆ ನೋಡೋಣ," ಎಂದೆ ನಾನು.

ತಾಮ್ರದ ಗಣಿಯೂರು ಕಿಟ್ವೆಯ ನಮ್ಮ ಲ್ಯಾಬಿನಲ್ಲಿ ಇದು ದಿನದ ಮಾತು. ಅವನು ಬೆಂಬಾ ಬುಡಕಟ್ಟಿನವನು, ನಾನು ಅಂಗೋನಿ: ಅವರಿಗೆ ಕೋತಿ ತಿನ್ನುವವರೆಂದು ಹೆಸರು, ನಮಗೆ ಇಲಿ ತಿನ್ನುವವರೆಂದು. ಹಿಂದೆ ನಮ್ಮ ಹಿರಿಯರು ಬಡಿದಾಡಿಕೊಂಡರಂತೆ. ಈಗ ನಾವು ಬೈದಾಡಿಕೊಳ್ಳುವ ನೆಂಟರು. ಸಾವಿನ ಮನೆಯಲ್ಲೂ ಕಾಲೆಳೆಯಬಹುದು, ಯಾರೂ ಮುನಿಸಿಕೊಳ್ಳುವಂತಿಲ್ಲ. ಒಳ್ಳೆಯ ಪದ್ಧತಿಯೇ. ಆದರೆ ಅದನ್ನು ಮಾಡಿದವರು ನನ್ನಂಥವಳ ಗತಿ ಯೋಚಿಸಲಿಲ್ಲ. ಈ ಮನುಷ್ಯನೆಂದರೆ ನನಗೆ ಪ್ರಾಣ. ಅವನ ಮಾತಿನಲ್ಲಿ ಯಾವುದು ತಮಾಷೆ, ಯಾವುದು ನಿಜ? ನಂಬಿ "ಹೂಂ" ಅಂದಮೇಲೆ ಅವನು ನಕ್ಕುಬಿಟ್ಟರೆ?

ಅಂದು ಗಣಿಯ ಕೆಳಗಿನ ಹೊಳೆನೀರಿನಲ್ಲಿ ತಾಮ್ರ ಎಷ್ಟಿದೆಯೆಂದು ಅಳೆಯಬೇಕಿತ್ತು. ನಮ್ಮ ಯಂತ್ರದೊಳಗೆ ಕೂದಲೆಳೆಯಷ್ಟು ಸಪೂರದ ಗಾಜಿನ ನಳಿಗೆ. ಭಾರಿ ವೋಲ್ಟೇಜು ಕೊಟ್ಟರೆ ನೀರಿನಲ್ಲಿರುವ ಲೋಹಗಳೆಲ್ಲ ಅದರೊಳಗೆ ಓಟ ಕೀಳುತ್ತವೆ: ಪೊಟ್ಯಾಸಿಯಂ ಮುಂದೆ, ಉಪ್ಪಿನಲ್ಲಿರುವ ಸೋಡಿಯಂ ಅದರ ಹಿಂದೆ, ತಾಮ್ರ ನಿಧಾನ. ಒಂದೊಂದು ದಾಟಿದಾಗಲೂ ಪರದೆಯ ಮೇಲೆ ಗೆರೆ ಏಳುತ್ತದೆ. ಮೊದಲು ಬರೀ ಶುದ್ಧ ನೀರು ಓಡಿಸಿ, ಗೆರೆ ತೆಪ್ಪಗೆ ಮಲಗಿದೆಯೇ ಎಂದು ನೋಡುವುದು ಕ್ರಮ.

ಮಲಗಿರಲಿಲ್ಲ. ಸೋಡಿಯಂ ಇರುವ ಕಡೆ ಗೆರೆ ಗೋಪುರದಂತೆ ಎದ್ದಿತ್ತು.

"ಏನೋ ಇದು, ಶುದ್ಧ ನೀರಲ್ಲಿ ಉಪ್ಪು! ಶೀಶೆ ತೊಳ್ದೆಯಾ?"

"ತೊಳ್ದೆ ಕಣೇ."

"ಗ್ಲೌಸ್ ಎಲ್ಲಿ?"

ಮುಬಾಂಗಾ ಎರಡೂ ಕೈಗಳನ್ನು ಬೆನ್ನ ಹಿಂದೆ ಅಡಗಿಸಿದ. "ಒದ್ದೆ ಕೈಗೆ ಏರ್ಲಿಲ್ಲ. ಹಂಗೇ ಮುಟ್ಟಿಬಿಟ್ಟೆ."

ಒಂದು ಕೈ ಎಳೆದು ನೋಡಿದೆ. ಅಂಗೈ ಬೆವರಿ ತೊಪ್ಪೆಯಾಗಿತ್ತು. ಎ.ಸಿ.ಯ ಚಳಿಗೆ ನಾನು ಸ್ವೆಟರ್ ತೊಟ್ಟಿದ್ದೆ.

"ಬೆಳಿಗ್ಗೆಯಿಂದ ಹಿಂಗೇ," ಎಂದ, ನನ್ನ ಕಣ್ಣು ತಪ್ಪಿಸಿ. "ನಿಜವಾಗ್ಲೂ ಕೇಳ್ಬೇಕು ಅಂತಾನೇ ಬಂದಿದ್ದೆ. ಬಾಯಿ ತೆಗೆದ್ರೆ ಇಲಿನೇ ಬಂತು!"

ನನಗೆ ನಗುವೂ ಬಂತು, ಅಳುವೂ ಬಂತು. ಕೀಟಲೆಗೆಂದು ಕೇಳುವವನ ಕೈ ಹೀಗೆ ಬೆವರುವುದಿಲ್ಲ.

"ಇಲಿ ಬಿಟ್ಟು ಕೇಳು," ಎಂದೆ.

"ತೊಕೋಜಿಲೆ, ನನ್ನನ್ನ ಮದ್ವೆ ಆಗ್ತೀಯಾ?"

ಬೈಗುಳವಿಲ್ಲದ ಮಾತು ಕೇಳಿ ಇಡೀ ಲ್ಯಾಬು ಗಾಬರಿಯಾಗಿ ನಮ್ಮತ್ತ ತಿರುಗಿತು.

"ಆಗ್ತೀನಿ," ಎಂದೆ. ಕೈ ಬಿಡಲಿಲ್ಲ. ಹೊಳೆನೀರು ತನ್ನ ಸರದಿಗಾಗಿ ಮಧ್ಯಾಹ್ನದವರೆಗೆ ಕಾದು ಕೂತಿತ್ತು.