ಹನ್ನೆರಡು ಜನರ ಚಿತ್ರಾನ್ನ

ಮ್ಯಾಂಚೆಸ್ಟರಿನ ಹದಿನಾಲ್ಕನೇ ಪ್ಲಾಟ್‌ಫಾರ್ಮಿನಲ್ಲಿ ಹನ್ನೆರಡು ಜನ ಇರಬೇಕಿತ್ತು. ಇದ್ದವರು ಮೃತ್ಯುಂಜಯ ಒಬ್ಬರೇ.

ಬೂದು ಕೋಟು, ಕಿವಿ ಮುಚ್ಚುವ ಟೋಪಿ, ಕೈಯಲ್ಲಿ ಎರಡು ಟಿಕೆಟ್. ನನ್ನನ್ನು ಕಂಡದ್ದೇ ತಡ, ಆ ಕೈಯನ್ನು ಜೇಬಿಗೆ ಇಳಿಸಿಬಿಟ್ಟರು.

"ಉಳಿದವರೆಲ್ಲ ಎಲ್ಲಿ?" ಅಂದೆ.

"ಬರ್ತಾರೆ, ಬರ್ತಾರೆ. ಮೊದಲು ನೀವು ಹತ್ತಿ, ಆಮೇಲೆ ಸೀಟು ಸಿಗಲ್ಲ."

ರೈಲು ಹೊರಟಿತು. ಯಾರೂ ಬರಲಿಲ್ಲ. ನಾನೂ ಮತ್ತೆ ಕೇಳಲಿಲ್ಲ. ಟಿಕೆಟ್ ಎರಡೇ ಇದ್ದದ್ದನ್ನು ನಾನು ನೋಡಿದ್ದೆ. ನೋಡಿಯೂ ಸುಮ್ಮನೆ ಹತ್ತಿದ್ದೆ.

ನನ್ನ ತೊಡೆಯ ಮೇಲೆ ಹನ್ನೆರಡು ಜನರಿಗಾಗುವಷ್ಟು ಚಿತ್ರಾನ್ನ ಬೆಚ್ಚಗೆ ಕೂತಿತ್ತು.

ಮಗಳು ನಿಹಾರಿಕಾಳ ಬಾಣಂತನಕ್ಕೆಂದು ಜೂನ್ ತಿಂಗಳಲ್ಲಿ ಮ್ಯಾಂಚೆಸ್ಟರಿನ ಪಕ್ಕದ ಸಾಲ್ಫರ್ಡ್‌ಗೆ ಬಂದವಳು ನಾನು. ಬಂದ ಹೊಸದರಲ್ಲೇ ಅವಳು ನನ್ನನ್ನು ಇಲ್ಲಿನ ಕನ್ನಡದ ಹಿರಿಯರ ಗುಂಪಿಗೆ ಸೇರಿಸಿದಳು. ಎಲ್ಲಿಗೆ ಹೊರಟರೂ ಒಬ್ಬೊಬ್ಬರು ಒಂದೊಂದು ತರಬೇಕು. ಈ ಸಲ ಸಮುದ್ರದಂಚಿನ ಕಾಡಿಗೆ, ಉದುರುವ ಎಲೆಗಳ ಬಣ್ಣ ನೋಡಲು. ಚಿತ್ರಾನ್ನ ನನ್ನದು, ತಟ್ಟೆ ಲೋಟ ಚಂದ್ರಪ್ರಭಾ ಅವರದು. ಎಲ್ಲವೂ ಫೋನಿನಲ್ಲೇ ತೀರ್ಮಾನ, ಅದೂ ಇಂಗ್ಲಿಷ್ ಅಕ್ಷರದಲ್ಲಿ. ನಾನು ಓದಿದ್ದು ನಾಲ್ಕನೇ ಕ್ಲಾಸು. ಅದು ಗೊತ್ತಾದ ದಿನದಿಂದ ಮೃತ್ಯುಂಜಯ ಪ್ರತಿ ಮೆಸೇಜನ್ನೂ ತಮ್ಮ ದನಿಯಲ್ಲಿ ಓದಿ ನನಗೆ ಕಳಿಸುತ್ತಿದ್ದರು. ಮ್ಯಾಕಲ್ಸ್‌ಫೀಲ್ಡ್‌ನ ಔಷಧಿ ಫ್ಯಾಕ್ಟರಿಯಲ್ಲಿ ಮೂವತ್ತು ವರ್ಷ ಯಂತ್ರ ರಿಪೇರಿ ಮಾಡಿದವರು. ಹೆಂಡತಿ ತೀರಿಕೊಂಡು ಎಂಟು ವರ್ಷ. ಮೊದಮೊದಲು ಮೆಸೇಜ್ ಮಾತ್ರ ಓದುತ್ತಿದ್ದರು. ಆಮೇಲಾಮೇಲೆ ಕೊನೆಗೊಂದು "ಊಟ ಆಯ್ತಾ?" ಸೇರಿಕೊಂಡಿತು. ಆ ಎರಡು ಪದಕ್ಕಾಗಿ ನಾನು ಮೆಸೇಜನ್ನು ಎರಡೆರಡು ಸಲ ಕೇಳುತ್ತಿದ್ದೆ.

ಈಗ ಆರು ತಿಂಗಳ ವೀಸಾ ಮುಗಿಯುತ್ತಾ ಬಂದಿದೆ. ಮಂಗಳವಾರ ನನ್ನ ವಿಮಾನ.

ಲ್ಯಾಂಕಸ್ಟರ್ ದಾಟಿದ ಮೇಲೆ ಎಡಗಡೆ ಸಮುದ್ರ ಕಂಡಿತು. ನೀರು ದೂರಕ್ಕೆ ಸರಿದು, ಬರೀ ಒದ್ದೆ ಮರಳು ಹೊಳೆಯುತ್ತಿತ್ತು. ಆರ್ನ್‌ಸೈಡ್ ಅನ್ನುವ ಪುಟ್ಟ ಊರಿನಲ್ಲಿ ಇಳಿದೆವು.

ಅಲ್ಲಿ ಗುಡ್ಡದ ಕಾಡು ನೇರ ಸಮುದ್ರದ ಅಂಚಿಗೇ ಇಳಿದು ಬರುತ್ತದೆ. ನವೆಂಬರ್ ಕೊನೆ. ಅರ್ಧ ಮರಗಳು ಬೋಳಾಗಿದ್ದವು. ಉಳಿದವು ಮಾತ್ರ, ಇದ್ದಬದ್ದ ಬಣ್ಣವನ್ನೆಲ್ಲ ಇವತ್ತೇ ತೋರಿಸಿಬಿಡಬೇಕು ಅನ್ನುವ ಹಾಗೆ ನಿಂತಿದ್ದವು. ಬೆಲ್ಲದ ಬಣ್ಣ, ಅರಿಸಿನದ ಬಣ್ಣ, ಒಂದು ಮರವಂತೂ ಹದವಾಗಿ ಹುರಿದ ಒಣಮೆಣಸಿನಕಾಯಿಯ ಬಣ್ಣ. ಗಾಳಿ ಬಂದಾಗಲೆಲ್ಲ ಎಲೆಗಳು ಹಾರಿ ಹೋಗಿ ಮರಳಿನ ಮೇಲೆ ಕೂರುತ್ತಿದ್ದವು.

"ಹೋದ ವಾರ ಇನ್ನೂ ಚೆನ್ನಾಗಿತ್ತಂತೆ," ಅಂದರು ಅವರು. "ನಾವು ಬರೋದು ತಡ ಆಯ್ತು."

"ಇಷ್ಟಿದೆಯಲ್ಲ, ಸಾಕು."

ಅವರು ನನ್ನ ಮುಖ ನೋಡಿದರು. ನಾನು ಮರ ನೋಡಿದೆ.

ಇದ್ದಕ್ಕಿದ್ದಂತೆ ಊರ ಕಡೆಯಿಂದ ಸೈರನ್ ಕೂಗಿತು. ಬೆಚ್ಚಿಬಿದ್ದು ಅವರ ತೋಳು ಹಿಡಿದುಕೊಂಡೆ.

"ಹೆದರಬೇಡಿ. ನೀರು ವಾಪಸ್ ಬರ್ತಿದೆ, ಮರಳಿನ ಮೇಲಿರೋರು ದಡಕ್ಕೆ ಬನ್ನಿ ಅಂತ ಕೂಗ್ತಾರೆ."

"ನಾವು ದಡದಲ್ಲೇ ಇದ್ದೀವಲ್ಲ."

"ಇದ್ದೀವಿ. ಆದ್ರೂ ಹಿಡ್ಕೊಂಡಿರಿ, ತೊಂದರೆ ಇಲ್ಲ."

ಸೈರನ್ ನಿಂತು ಎಷ್ಟೋ ಹೊತ್ತಾದ ಮೇಲೆ ಕೈ ಬಿಟ್ಟೆ.

ಹಸಿವಾಯಿತು. ಮರದಡಿ ಒಂದು ಬೆಂಚು ನೋಡಿ ಕೂತು ಡಬ್ಬ ತೆರೆದೆ. "ತಟ್ಟೆ ಚಂದ್ರಪ್ರಭಾ ಅವರ ಹತ್ತಿರ. ಅವರು ಯಾವಾಗ ಬರ್ತಾರೋ," ಅಂದೆ, ಬೇಕೆಂದೇ.

ಅವರು ಟೋಪಿ ತೆಗೆದರು. ಮತ್ತೆ ಹಾಕಿಕೊಂಡರು.

"ಭಾಗ್ಯ ಅವರೇ, ಬೆಳಗ್ಗೆ ಒಂದು ಮೆಸೇಜ್ ಬಂದಿತ್ತು. ನಿಮಗೆ ಓದಿ ಕಳಿಸಲಿಲ್ಲ."

"ಏನಂತ?"

"ಗಾಳಿ ಜೋರಿದೆ, ಇವತ್ತು ಬೇಡ, ಮುಂದಿನ ಶನಿವಾರ ಹೋಗೋಣ ಅಂತ."

"ಆರು ತಿಂಗಳಲ್ಲಿ ಒಂದು ಮೆಸೇಜೂ ತಪ್ಪಿಸಿರಲಿಲ್ಲ ನೀವು."

"ಮುಂದಿನ ಶನಿವಾರ ನೀವು ಇರಲ್ಲವಲ್ಲ."

ಮಾತು ಹೊರಡದಿದ್ದಾಗ ನನ್ನ ಕೈ ಕೆಲಸ ಹುಡುಕುತ್ತದೆ. ಎದ್ದು ಅಗಲವಾದ ಎಲೆಗಳನ್ನು ಆರಿಸಿದೆ. ಹಿರಿಯೂರಿನ ಕಡೆ ಮುತ್ತುಗದ ಎಲೆ ಹಚ್ಚಿ, ಊಟದೆಲೆ ಮಾರಿ ಮಗಳನ್ನು ಓದಿಸಿದವಳು ನಾನು. ಗಂಡ ತೀರಿಹೋಗಿ ಇಪ್ಪತ್ತೆರಡು ವರ್ಷ. ಬಾಟಲಿ ನೀರಿನಲ್ಲಿ ಎಲೆ ತೊಳೆದು, ಒಂದರ ಮೇಲೊಂದು ಇಟ್ಟು, ಒಣಹುಲ್ಲಿನ ಕಡ್ಡಿ ಚುಚ್ಚುತ್ತಾ ಹೋದೆ.

"ಒಣಗಿದ ಎಲೆ ಮುರಿಯಲ್ವಾ?"

"ನೀರು ತಾಗಿಸಿದ್ರೆ ಬಗ್ಗುತ್ತೆ. ಆತುರ ಮಾಡಬಾರದು ಅಷ್ಟೇ."

ಎಲೆಯ ತುಂಬ ಚಿತ್ರಾನ್ನ ಬಡಿಸಿ ಅವರ ಮುಂದಿಟ್ಟೆ. ಕೈಕಟ್ಟಿ ಕೂತೆ.

"ನಿಮಗೆ?"

"ನಿಮ್ಮದಾಗಲಿ. ಆಮೇಲೆ ಅದೇ ಎಲೆಯಲ್ಲಿ ನಾನು..." ಅಂದವಳು ನಾಲಿಗೆ ಕಚ್ಚಿಕೊಂಡೆ. ಗಂಡ ಉಂಡೆದ್ದ ಎಲೆಯಲ್ಲಿ ಹೆಂಡತಿ ಉಣ್ಣುವುದು ನಮ್ಮ ಕಡೆಯ ಹಳೇ ಪದ್ಧತಿ. ಅದು ಹೇಗೋ ಬಾಯಿಗೆ ಬಂದುಬಿಟ್ಟಿತ್ತು. ಕಿವಿಯವರೆಗೂ ಬಿಸಿಯಾಯಿತು.

ಅವರು ನಗಲಿಲ್ಲ. ಎಲೆಯನ್ನು ಪಕ್ಕಕ್ಕಿಟ್ಟು, ಬಗ್ಗಿ, ತಾವೇ ನಾಲ್ಕೆಲೆ ಆರಿಸಿ ತಂದರು. ಯಂತ್ರ ಬಿಚ್ಚಿ ಜೋಡಿಸಿದ ಕೈ. ಆದರೂ ಮೊದಲ ಎಲೆ ಹರಿಯಿತು, ಎರಡನೆಯದೂ ಹರಿಯಿತು.

"ಕೊಡಿ ಇಲ್ಲಿ, ನಾನು ಮಾಡ್ತೀನಿ."

"ಬೇಡ. ಇದು ನಿಮ್ಮದು, ನಾನೇ ಮಾಡಬೇಕು. ನಂದು ಆರ್ತಾ ಇದ್ರೆ ಆರಲಿ. ಇಬ್ಬರೂ ಒಟ್ಟಿಗೇ ಉಣ್ಣೋಣ."

ಅಂತೂ ಸೊಟ್ಟಗೆ, ತೂತುತೂತಾಗಿ ಒಂದು ಎಲೆ ಆಯಿತು. ಅದರ ಮೇಲೆ ಬಡಿಸಿಕೊಂಡೆ. ಕಡಲೆಬೀಜ ತೂತಿನಿಂದ ಉದುರಿತು. ಇಬ್ಬರಿಗೂ ನಗು.

"ಒಂದು ಕೇಳ್ಲಾ?" ಅಂದರು. "ಗುಂಪಲ್ಲಿ ಎಲ್ಲರೂ ನನ್ನನ್ನ ಮೃತ್ಯುಂಜಯಣ್ಣ ಅಂತಾರೆ. ನೀವೊಬ್ಬರೇ ಯಾವತ್ತೂ ಅಣ್ಣ ಅನ್ನಲಿಲ್ಲ. ಯಾಕೆ?"

ಗಮನಿಸಿಬಿಟ್ಟಿದ್ದರು! ಎಲೆಯಂಚಿನ ಕಡ್ಡಿ ನೋಡುತ್ತಾ ಹೇಳಿದೆ: "ಅನ್ನೋಕೆ ಮನಸ್ಸು ಬರಲಿಲ್ಲ."

ನೀರು ಮರಳನ್ನೆಲ್ಲ ಮುಚ್ಚಿಕೊಂಡು ಹತ್ತಿರ ಬಂದಿತ್ತು.

"ಮಂಗಳವಾರ ನೀವು ಹೋಗಲೇಬೇಕು. ವೀಸಾ ನಮ್ಮ ಮಾತು ಕೇಳಲ್ಲ," ಅಂದರು ಮೆಲ್ಲಗೆ. "ಫೆಬ್ರವರಿಗೆ ನಿಮ್ಮೂರಿಗೆ ನಾನು ಬರ್ಲಾ?"

"ಯಾಕೆ?"

"ಮುತ್ತುಗ ಹೂ ಬಿಟ್ಟಿರುತ್ತಲ್ಲ, ನೋಡೋಕೆ."

"ಹೂ ನೋಡೋಕೆ ಅಷ್ಟು ದೂರ ಯಾರು ಬರ್ತಾರೆ?"

"ಮದುವೆ ಆಗೋರು ಬರ್ತಾರೆ, ಒಪ್ಪಿದ್ರೆ."

ಅರವತ್ತೆರಡನೇ ವಯಸ್ಸಿನಲ್ಲಿ ಎದೆ ಹಾಗೆ ಬಡಿದುಕೊಳ್ಳುತ್ತದೆಂದು ಯಾರೂ ಹೇಳಿರಲಿಲ್ಲ.

"ಮಗಳಿಗೆ ಏನಂತ ಹೇಳಲಿ? ಜನ ಏನಂತಾರೆ?"

"ಗೊತ್ತಿಲ್ಲ. ನೀವು ಬೇಡ ಅಂದ್ರೆ ಇಲ್ಲಿಗೇ ಬಿಡೋಣ. ಮೆಸೇಜ್ ಮಾತ್ರ ಓದಿ ಕಳಿಸ್ತಾನೇ ಇರ್ತೀನಿ."

ನಾನು ತೂತಿನ ಎಲೆಯನ್ನು ತೊಳೆದು, ಒರೆಸಿ, ಕರವಸ್ತ್ರದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡೆ. ಅವರು ನೋಡುತ್ತಲೇ ಇದ್ದರು.

ವಾಪಸ್ ಬರುವಾಗ ರೈಲಿನಲ್ಲಿ ನನ್ನ ಫೋನು ತೆಗೆದು ಅವರ ಮುಂದೆ ಹಿಡಿದೆ. "ಗುಂಪಿಗೆ ದನಿ ಕಳಿಸೋದು ಹೇಗೆ? ತೋರಿಸಿ."

"ಇದನ್ನ ಒತ್ತಿ ಹಿಡ್ಕೊಂಡು ಮಾತಾಡಿ. ಏನು ಹೇಳ್ತೀರಿ?"

ಒತ್ತಿ ಹಿಡಿದೆ. ಆರು ತಿಂಗಳಲ್ಲಿ ಆ ಗುಂಪು ಫೋನಿನಲ್ಲಿ ಒಮ್ಮೆಯೂ ನನ್ನ ದನಿ ಕೇಳಿರಲಿಲ್ಲ.

"ಎಲ್ಲರಿಗೂ ನಮಸ್ಕಾರ, ನಾನು ಭಾಗ್ಯ. ಸಮುದ್ರದ ಹತ್ತಿರ ಎಲೆ ಇನ್ನೂ ಪೂರ್ತಿ ಉದುರಿಲ್ಲ, ಬಹಳ ಚೆನ್ನಾಗಿದೆ. ಮುಂದಿನ ಶನಿವಾರ ನೀವೆಲ್ಲ ಹೋಗಿಬನ್ನಿ. ಹತ್ತು ಜನರ ಚಿತ್ರಾನ್ನ ಹಾಗೇ ಉಳಿದಿದೆ. ಸಂಜೆ ನನ್ನ ಮಗಳ ಮನೆಗೆ ಬನ್ನಿ, ತಟ್ಟೆ ತನ್ನಿ. ನಾನೂ ಮೃತ್ಯುಂಜಯ ಅವರೂ ನಿಮಗೊಂದು ಮಾತು ಹೇಳಬೇಕು."

ಬೆರಳು ತೆಗೆದೆ. ಮೆಸೇಜ್ ಹೋಯಿತು.